ಹಣೆಯ ಮೇಲೇರಿಸಿದ ಕನ್ನಡಕ

ಬೇಸಿಗೆ ರಜೆ ಮುಗಿದು ತೇರದಾಳದಲ್ಲಿ ನಾನು ಪಾಠ ಮಾಡುವ ಕಾಲೇಜು ಮೊನ್ನೆ ತೆರೆಯಿತು. ಪ್ರಯೋಗಾಲಯದ ಕಪಾಟಿನ ಬಾಗಿಲು ಎಳೆದೆ ನೋಡಿ, ಒಳಗೆ ಕೂಡಿಕೊಂಡಿದ್ದ ಅಮೋನಿಯಾದ ಘಾಟು ಮೂಗಿಗೆ ಬಡಿದು ಕಣ್ಣಲ್ಲಿ ನೀರು ತುಂಬಿತು. ಕಿಟಕಿಗಳನ್ನೆಲ್ಲ ತೆಗೆದು ವರಾಂಡಕ್ಕೆ ಬಂದು ನಿಂತೆ. ಘಾಟು ಬೇಗ ಹೋಯಿತು. ಕಣ್ಣ ನೀರು ನಿಲ್ಲಲಿಲ್ಲ. ಆ ವಾಸನೆಯ ಹಿಂದೆಯೇ ನಮ್ಮ ಮೇಡಂ ಬರುತ್ತಾರೆ...

ಆಗ ನಾನು ಎಂ.ಎಸ್ಸಿ. ಓದುತ್ತಿದ್ದೆ. ಬನಹಟ್ಟಿಯಿಂದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ದಿನಾ ಬಸ್ಸಿನ ಓಡಾಟ. ಮೇಡಂ ಮುಧೋಳದವರು, ನಮಗೆ ಪ್ರಯೋಗ ಕಲಿಸುತ್ತಿದ್ದರು. ತೆಳ್ಳಗಿದ್ದರೂ ಧ್ವನಿ ಮಾತ್ರ ಗಟ್ಟಿ. ಕಣ್ಣಿಗೆ ಏನೂ ಸಿಡಿಯದಂತೆ ಹಾಕುವ ದಪ್ಪ ಕನ್ನಡಕ ಹಾಕದವರನ್ನು, ಜಡೆ ಕಟ್ಟದವರನ್ನು ಒಳಗೆ ಬಿಡುತ್ತಿರಲಿಲ್ಲ. ಅದು ಎಲ್ಲ ಕಡೆ ಇರುವ ನಿಯಮ. ಇವರು ಬಾಗಿಲಲ್ಲೇ ನಿಂತು ಇನ್ನೂ ಎರಡು ಮಾತು ಕೇಳುತ್ತಿದ್ದರು: "ಉಂಡು ಬಂದೀಯೇನವ್ವಾ? ರಾತ್ರಿ ನಿದ್ದಿ ಆಗೇತೇನ?" ಉಂಡಿಲ್ಲ ಎಂದರೆ ಹೊರಗಿನ ಬೆಂಚಿನ ಮೇಲೆ ಕೂರಿಸಿ ತಮ್ಮ ಡಬ್ಬಿಯ ಶೇಂಗಾ ಉಂಡಿ ತಿನ್ನಿಸಿಯೇ ಒಳಗೆ ಕಳಿಸುವುದು. "ಇವ್ರು ಪಾಠ ಹೇಳಾಕ ಬರ್ತಾರೋ, ಬೀಗತನ ಮಾಡಾಕ ಬರ್ತಾರೋ" ಎಂದು ನಾವು ನಗುತ್ತಿದ್ದೆವು. ಅವರ ಕಿವಿಗೂ ಬಿದ್ದಿರಬೇಕು. "ನಗ್ರಿ ನಗ್ರಿ. ಹಸದ ಕೈ ನಡಗ್ತಾವು. ನಡಗೂ ಕೈಯಾಗ ನಾ ಆಸಿಡ್ ಬಾಟ್ಲಿ ಕೊಡಾಂಗಿಲ್ಲ" ಅನ್ನುತ್ತಿದ್ದರು.

ಆ ವರ್ಷ ನಾನು ಒಂದು ಪೇಪರಿನಲ್ಲಿ ಫೇಲಾಗಿದ್ದೆ. ಮನೆಯಲ್ಲಿ ಹೇಳಿರಲಿಲ್ಲ. ನಮ್ಮ ಓಣಿಯಲ್ಲಿ ಅಷ್ಟು ಓದಿದ ಹುಡುಗಿ ನಾನೊಬ್ಬಳೇ. ಅಪ್ಪ ಮಗ್ಗದ ಸದ್ದಿನ ನಡುವೆಯೂ ಬಂದವರಿಗೆಲ್ಲ ಕೂಗಿ ಹೇಳುತ್ತಿದ್ದರು, ಮಗಳು ಎಂ.ಎಸ್ಸಿ. ಎಂದು. ಅವರ ಎದುರು ಕೂತರೆ ತುತ್ತು ಇಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿದರೂ ನಿದ್ದೆ ಇಲ್ಲ. ಗೆಳತಿಯರಿಗೆ ಗೊತ್ತಾಗಲಿಲ್ಲ, ಅವ್ವನಿಗೂ ಗೊತ್ತಾಗಲಿಲ್ಲ. ಗುರುತು ಹಿಡಿದವರು ಮೇಡಂ. "ಏನಾಗೇತಿ, ಹೇಳವ್ವಾ" ಎಂದು ಹಲವು ಸಲ ಕೇಳಿದ್ದರು. ಉಂಡೀನ್ರೀ, ಏನಿಲ್ಲರೀ ಎಂದು ಸುಳ್ಳು ಹೇಳಿ ಜಾರಿಕೊಂಡಿದ್ದೆ.

ಅವತ್ತು ಬಿಸಿಲು ಕಾದ ಹಂಚಿನಂತಿತ್ತು. ಅಮೋನಿಯಾದ ಬಾಟಲಿಯೊಳಗೆ ಸೆಕೆಗೆ ಒತ್ತಡ ಕೂಡುತ್ತದೆ, ತಣ್ಣೀರಲ್ಲಿ ಇಟ್ಟು ತಣಿಸಿ, ಮುಖ ಆಚೆ ಮಾಡಿ ಮುಚ್ಚಳ ತೆಗೆಯಬೇಕು ಎಂದು ಮೇಡಂ ಪ್ರತಿ ಬೇಸಿಗೆಯಲ್ಲೂ ಹೇಳುತ್ತಿದ್ದರು. ಹೊಸ ಬಾಟಲಿಯನ್ನು ತಣಿಸಲೆಂದು ತೊಟ್ಟಿಯ ಕಡೆ ಒಯ್ಯುತ್ತಿದ್ದೆ. ಕೈ ನಡುಗಿತು. ಮೇಡಂ ನೋಡಿದರು.

"ಇಲ್ಲೆ ಕೊಡು ಅದನ್ನ. ಕುಂಡ್ರು ನೀ."

ಬಾಟಲಿಯನ್ನು ಕೈಯಿಂದ ತಗೊಂಡು, ನನ್ನ ಮುಖ ಸರಿಯಾಗಿ ಕಾಣಲೆಂದು ತಮ್ಮ ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿದರು. "ಮಾರಿ ನೋಡ್ಕೊಂಡೀಯೇನ ಕನ್ನಡ್ಯಾಗ? ಎಷ್ಟು ದಿನಾ ಆತು ನೀ ಉಣ್ಣದ?" ನಾನು ತಲೆ ತಗ್ಗಿಸಿದೆ. ಅವರ ಕಣ್ಣು ನನ್ನ ಮೇಲೆಯೇ ಇತ್ತು. ಕೈ ತನ್ನ ಪಾಡಿಗೆ ತಾನು ಮುಚ್ಚಳ ತಿರುಗಿಸಿತು...

ಫಟ್ಟೆಂದು ಸದ್ದಾಯಿತು. ಮೇಡಂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕುಸಿದರು. ಕರೆಂಟು ಹೋಗಿ ನೀರಿನ ಟಾಕಿ ಬರಿದಾಗಿತ್ತು, ತಣಿಸುವ ತೊಟ್ಟಿಯಲ್ಲೂ ನಳದಲ್ಲೂ ಹನಿ ನೀರಿಲ್ಲ. ಹುಡುಗರು ವರಾಂಡದ ಕುಡಿಯುವ ನೀರಿನ ಕ್ಯಾನು ಹೊತ್ತು ಓಡಿ ಬರುವಷ್ಟರಲ್ಲಿ ಹೊತ್ತು ಮೀರಿತ್ತು. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನೇ ಕಣ್ಣಿಗೆ ನೀರು ಸುರಿದೆ. ಆ ಉರಿಯಲ್ಲಿ ಅವರು ಕೇಳಿದ್ದು, "ನಿನಗೇನರ ಸಿಡೀತೇನವ್ವಾ?"

ನನಗೆ ಒಂದು ಹನಿಯೂ ಸಿಡಿದಿರಲಿಲ್ಲ.

ಜಮಖಂಡಿಯಲ್ಲಿ ತೋರಿಸಿ, ಅಲ್ಲಿಂದ ಮಿರಜಿಗೆ ಒಯ್ದರು. ಬಲಗಣ್ಣು ಹೋಯಿತು. ಎಡಗಣ್ಣು ಮಸುಕಾಗಿ ಉಳಿಯಿತು. ವಿಚಾರಣೆಯಲ್ಲಿ ಮೇಡಂ, ತಣಿಸದೆ ತೆಗೆದದ್ದು ತಮ್ಮದೇ ತಪ್ಪು ಎಂದಷ್ಟೇ ಹೇಳಿದರಂತೆ. ನಾನು ಹೋಗಿ ನಡೆದದ್ದನ್ನೆಲ್ಲ ಹೇಳಿದೆ. "ಅದ್ರಾಗ ನಿಂದೇನೈತಿ? ಹೋಗು, ಓದ್ಕೋ ಹೋಗು" ಎಂದರು ವಿಭಾಗದ ಮುಖ್ಯಸ್ಥರು. ಗೆಳತಿಯರೂ ಅದನ್ನೇ ಅಂದರು. ಯಾರಾದರೂ ಒಬ್ಬರು ಬೈದಿದ್ದರೆ ಹಗುರಾಗುತ್ತಿದ್ದೆನೇನೋ.

ಅವರನ್ನು ನೋಡಲು ಮುಧೋಳಕ್ಕೆ ಹೋದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ನನ್ನ ದನಿ ಕೇಳಿ ಮುಖ ಇತ್ತ ತಿರುಗಿಸಿದರು. ನಾನು ಅಳತೊಡಗಿದೆ.

"ಅಳಬ್ಯಾಡ. ಮಂದಿಗೆ ಹೇಳಿ ಹೇಳಿ ನಾನs ಮರತೆ."

"ನನ್ನ ಸಲುವಾಗಿ ಮರತ್ರಿ, ಮೇಡಂ."

ಇಲ್ಲ ಎನ್ನುತ್ತಾರೆಂದು ಕಾದೆ. ಅವರು ಏನೂ ಹೇಳಲಿಲ್ಲ. ಹುಡುಗರ ಸಮಾಧಾನಕ್ಕೆಂದು ಸುಳ್ಳು ಹೇಳುವ ರೂಢಿ ಅವರಿಗೆ ಎಂದೂ ಇರಲಿಲ್ಲ. ಕೈ ಚಾಚಿ ನನ್ನ ಮೊಣಕೈ ಹಿಡಿದರು. "ಈಗರ ಹೇಳು. ಏನಾಗಿತ್ತು ನಿನಗ?"

ಹೇಳಿದೆ. ಫೇಲಾದ ಸಂಗತಿ ಎಷ್ಟು ಸಣ್ಣದೆಂದು ಆ ಕೋಣೆಯಲ್ಲಿ ಹೇಳುವಾಗಲೇ ನನಗೆ ತಿಳಿದದ್ದು. "ಇವತ್ತ ಹೋಗಿ ಅಪ್ಪಗ ಹೇಳು" ಎಂದು ಕಳಿಸಿದರು. ಅಪ್ಪ ಮಗ್ಗ ನಿಲ್ಲಿಸಿ ಕೇಳಿಸಿಕೊಂಡರು. "ಇಷ್ಟನ? ಇದಕ್ಕ ಉಣ್ಣೂದು ಬಿಟ್ಟಿದ್ದೇನ ಹುಚ್ಚಿ? ಮತ್ತೊಮ್ಮಿ ಬರದ್ರಾತು" ಎಂದು ಮತ್ತೆ ಮಗ್ಗ ಚಾಲೂ ಮಾಡಿದರು. ಬಚ್ಚಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಇಷ್ಟೇ ಮಾತು ನಾನು ಮೊದಲೇ ಆಡಿದ್ದರೆ...

ಮೇಡಂ ಮತ್ತೆ ಪ್ರಯೋಗಾಲಯಕ್ಕೆ ಬರಲಿಲ್ಲ. ಮನೆಯಲ್ಲೇ ಓಣಿಯ ಹುಡುಗರಿಗೆ ಪಾಠ ಹೇಳುತ್ತಿದ್ದರು. ನನಗೆ ಕೆಲಸ ಸಿಕ್ಕಾಗ ಫೋನಿನಲ್ಲಿ ಗಟ್ಟಿಯಾಗಿ ನಕ್ಕರು. ಆಮೇಲೆ ನಾನೇ ಫೋನು ಕಡಿಮೆ ಮಾಡಿದೆ. ಅವರ ದನಿ ಕೇಳಿದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಹೋದ ವರ್ಷ ಜ್ವರ ಬಂದು ತೀರಿಕೊಂಡರು. ಸುದ್ದಿ ತಿಳಿದು ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು.

ಈ ವಾರ, ಆ ಘಾಟು ತಲೆಯಿಂದ ಇಳಿಯದೆ, ಮುಧೋಳದ ಬಸ್ಸು ಹತ್ತಿದೆ. ಮನೆಯಲ್ಲಿ ಅವರ ತಾಯಿ ಇದ್ದರು. ಹಿಂದೆ ಎಂದೂ ಅವರ ಜೊತೆ ಕೂತು ಮಾತಾಡಿರಲಿಲ್ಲ. ಮೇಡಂ ಕೈಯಲ್ಲಿ ಕಲಿತವಳು ಎಂದಷ್ಟೇ ಹೇಳಿದೆ. ಅಜ್ಜಿ ಕಣ್ಣು ಕಿರಿದು ಮಾಡಿ ನನ್ನ ಮುಖ ನೋಡಿದರು.

"ಬನಹಟ್ಟಿ ಹುಡುಗಿ ಅಂತಿದ್ಲು. ನೀನs ಏನ?"

ತಲೆಯಾಡಿಸಿದೆ. ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡು, ಗೋಡೆ ಕಡೆ ನೋಡಿ, ಮತ್ತೆ ನನ್ನ ಕಡೆ ತಿರುಗಿದರು.

"ಛಲೋ ಇದ್ದೀಯಲ್ಲವ್ವಾ?"

ಅದು ಹಾರೈಕೆಯೋ, ಸಂಕಟವೋ, ನನಗೆ ತಿಳಿಯಲಿಲ್ಲ. ಮಗಳಿಲ್ಲದ ಆ ಮನೆಯಲ್ಲಿ, ಆ ತಾಯಿಯ ಎದುರು ಕೂತು, ನನ್ನ ಎರಡೂ ಕಣ್ಣಿನಿಂದ ಅವರನ್ನು ನೋಡುತ್ತ, "ಛಲೋ ಇದ್ದೀನ್ರೀ ಆಯಿ" ಎಂದೆ.