ಮಗ್ಗದ ಮನೆಯ ಜಪಾನ್ ಗೊಂಬೆಗಳು

ಪಕ್ಕದ ಮನೆಯ ನೇಕಾರ ಅಣ್ಣನಿಗೆ ಜಪಾನಿನ ಅನಿಮೆ ಕಾರ್ಟೂನ್ ಗೊಂಬೆಗಳ ಹುಚ್ಚು. ದೊಡ್ಡಬಳ್ಳಾಪುರದಲ್ಲಿ ಆ ಹುಚ್ಚು ಹತ್ತಿದ ಮಿಕ್ಕವರು, ಬೆಲೆ ಏರಲಿ ಎಂದು ಡಬ್ಬಿಯನ್ನೇ ಒಡೆಯುವುದಿಲ್ಲ. ನಾನಂತೂ ನಕಲಿ ಗೊಂಬೆ ಕೊಂಡು, ಅದರ ಮೆಳ್ಳೆಗಣ್ಣೇ ವಿಶೇಷ ಎಂದು ಊರಿಗೆಲ್ಲ ಸಾರಿದವನು. ಅಣ್ಣ ಮಾತ್ರ ಗೊಂಬೆಗಳನ್ನು ಹೊರತೆಗೆದು ಗೋಡೆಯ ಗೂಡಿನಲ್ಲಿ ನಿಲ್ಲಿಸುತ್ತಿದ್ದ. ಪಕ್ಕದ ಕೋಣೆಯಲ್ಲಿ ಪವರ್‌ಲೂಮ್ ಮಗ್ಗ ಓಡಿದರೆ ಗೋಡೆಯೇ ಅದುರಿ, ಅವು ಇಷ್ಟಿಷ್ಟೇ ಅಂಚಿಗೆ ಸರಿಯುತ್ತಿದ್ದವು. "ಎಲ್ಲಿಗ್ರಪ್ಪಾ ಹೊರಟ್ರಿ?" ಎಂದು ಗದರಿ ಹಿಂದಕ್ಕೆ ತಳ್ಳುತ್ತಿದ್ದ.

ಸೀರೆ ಕೇಳುವವರಿಲ್ಲದೆ ಕೊನೆಗೆ ಮಗ್ಗಗಳನ್ನೆಲ್ಲ ಗುಜರಿಗೆ ಹಾಕಿದ. ಸಮಾಧಾನ ಹೇಳಲು ಹೋದ ನನ್ನ ಹಾಳು ಬಾಯಿ, "ಬಿಡಣ್ಣ, ಇನ್ಮೇಲೆ ಗೊಂಬೆ ಬೀಳಲ್ಲ" ಅಂದುಬಿಟ್ಟಿತು.

ಅಣ್ಣ ಗೂಡಿನಿಂದ ಕಣ್ಣು ಕೀಳಲಿಲ್ಲ.

"ಹೂಂ ಕಣೋ. ಬೆಳಗ್ಗೆಯಿಂದ ನೋಡ್ತಾ ಕೂತಿದೀನಿ. ಒಂದೂ ಅಲ್ಲಾಡಿಲ್ಲ."