ಹುಲ್ಲಿಗೆ ಬಂದ ಜ್ವರ

ಕಳೆದ ಸೋಮವಾರ ನೈವೇದ್ಯಕ್ಕೆಂದು ಬೆಲ್ಲ ಕಾಯಿಸುವಾಗ ತಳ ಹತ್ತಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಒಲೆ ಆರಿಸಿ ನಾನು ಓಡಿದ್ದು ಕೊಟ್ಟಿಗೆಗೆ. ಇಷ್ಟು ವರ್ಷವಾದರೂ ಆ ಭಯ ಹೋಗಿಲ್ಲ…

ಆಗ ಹುಲ್ಲು ಸುತ್ತಿ ಕಟ್ಟುವ ಮಷಿನ್ ನಮ್ಮ ಕಡೆಗೆ ಹೊಸದು. ಅಂಬ್ಲಿಗೊಳ ಜಲಾಶಯದ ನೀರಿನಲ್ಲಿ ಬೆಳೆದ ಬೇಸಿಗೆ ಭತ್ತ ಕೊಯ್ದು, ಹುಲ್ಲು ಗದ್ದೆಯಲ್ಲೇ ಹರಡಿತ್ತು. ಯಜಮಾನರು ಉಳವಿಗೆ ಮದುವೆಗೆ ಹೋಗಿದ್ದರು. ಹಿಂದಿನ ಸಂಜೆ ನಾಲ್ಕು ಹನಿ ಬಿದ್ದಿತ್ತು, ಮೋಡ ಇನ್ನೂ ಚದುರಿರಲಿಲ್ಲ. ಬಿಸಿಲೇರುವ ಮೊದಲೇ ಟ್ರ್ಯಾಕ್ಟರ್ ಬಂದು ನಿಂತಿತು.

“ಈಗ ಕಟ್ಟಿಸ್ತೀರೋ ಹೆಂಗ್ರೀ ಅಕ್ಕಾರೆ? ಬ್ಯಾಡಂದ್ರೆ ಹೊಸಬಾಳೆ ಕಡೆ ಹೋಗ್ತೀನಿ. ತಿರುಗಿ ಬರೋದು ಎಂಟು ದಿನಕ್ಕೆ,” ಎಂದ ಡ್ರೈವರ್.

ಬೇಲಿಯಾಚೆ ಬೆರಣಿ ತಟ್ಟುತ್ತಿದ್ದ ಪಕ್ಕದ ಮನೆಯ ದೊಡ್ಡಮ್ಮ ಅಲ್ಲಿಂದಲೇ ಹೇಳಿದರು: “ಅಡಿ ಹುಲ್ಲು ಹಸಿ ಐತೆ. ಬಿಸಿಲು ಬೀಳ್ಲಿ, ತಡಿಯವ್ವ.”

ಮೇಲಿನ ಹುಲ್ಲು ಮುಟ್ಟಿ ನೋಡಿದೆ, ಗರಿಗರಿ ಇತ್ತು. ಮತ್ತೆ ಮಳೆ ಬಂದರೆ ವರ್ಷದ ಮೇವೇ ಹೋಗುತ್ತದಲ್ಲ ಎಂಬ ಹೆದರಿಕೆ. ಕಟ್ಟಿಬಿಡಪ್ಪ ಎಂದೆ. ಸುರುಳಿಗಳನ್ನೆಲ್ಲ ಕೊಟ್ಟಿಗೆಯ ಅಟ್ಟಕ್ಕೆ ಒಟ್ಟಿಸಿದೆ. ಕೆಳಗೆ ಎರಡು ಆಕಳು, ಒಂದು ತುಂಬು ಗಬ್ಬ.

ಮೂರನೇ ದಿನ ಕೊಟ್ಟಿಗೆಯಲ್ಲಿ ಬೆಲ್ಲ ಸೀದ ವಾಸನೆ. ಯಾರ ಮನೆಯ ಒಲೆಯೋ ಎಂದು ಸುಮ್ಮನಾದೆ. ದೊಡ್ಡಮ್ಮ ಸುಮ್ಮನಾಗಲಿಲ್ಲ. ಕರೆಯದೆಯೇ ಕಬ್ಬಿಣದ ಸರಳು ಹಿಡಿದು ಬಂದರು. ಬಳೆಗಳನ್ನು ಮೊಣಕೈಗೆ ಏರಿಸಿ, ಏಣಿ ಹತ್ತಿ, ನಡುವಿನ ಸುರುಳಿಗೆ ಸರಳು ಚುಚ್ಚಿ ಇಳಿದರು.

“ಒಂದು ಎಲೆಅಡಿಕೆ ಜಗಿಯೋವಷ್ಟು ಹೊತ್ತು ಬಿಡ್ಬೇಕು,” ಎಂದು ಮೆಟ್ಟಿಲ ಮೇಲೆ ಕೂತು ಸಂಚಿ ಬಿಚ್ಚಿದರು. ನಾನು ನಿಂತೇ ಶಿವಶಿವಾ ಅನ್ನುತ್ತಿದ್ದೆ. ಆಮೇಲೆ ಸರಳು ಕಿತ್ತು ತಂದು ನನ್ನ ಮುಂಗೈಗೆ ಒತ್ತಿದರು. ಚುರ್ ಎಂದು ಕೈ ಎಳೆದುಕೊಂಡೆ.

“ನಿನ್ನ ಹುಲ್ಲಿಗೆ ಜ್ವರ ಬಂದೈತೆ. ಹಸಿ ಕಟ್ಟಿದ್ದು ಒಳಗೇ ಕಾದೈತೆ, ತಾನಾಗೇ ಬೆಂಕಿ ಹತ್ಕೊಂಡೀತು. ಮೊದ್ಲು ದನ ಬಿಚ್ಚು. ಅಳೋದು ಆಮೇಲೆ ಅಳುವಂತೆ.”

ದನಗಳನ್ನು ಹೊರಗೆ ಕಟ್ಟಿ, ಇಬ್ಬರೇ ಸುರುಳಿಗಳನ್ನು ಅಂಗಳಕ್ಕೆ ಉರುಳಿಸಿದೆವು. ನಡುವಿನವುಗಳ ದಾರ ಕತ್ತರಿಸಿದರೆ ಒಳಗೆಲ್ಲ ಕಪ್ಪು, ಅನ್ನದ ಪಾತ್ರೆ ತೆರೆದಂತೆ ಹಬೆ. ಅವು ತಿಪ್ಪೆ ಸೇರಿದವು. ಉಳಿದವನ್ನು ಬಿಚ್ಚಿ ಹರಡಿದೆವು. ಅವು ಆರುವ ತನಕ ಒಂದು ಹನಿ ಬೀಳಲಿಲ್ಲ. ಗಬ್ಬದ ಆಕಳು ಅದೇ ಕೊಟ್ಟಿಗೆಯಲ್ಲಿ ಕರು ಹಾಕಿತು. ಶಿವ ಕೊಟ್ಟದ್ದನ್ನು ನಾನು ಮರೆಯುವವಳಲ್ಲ.

ಯಜಮಾನರು ಬಂದು ಅಂಗಳ ನೋಡಿ ಏನಿದೆಲ್ಲ ಎಂದರು. ದೊಡ್ಡಮ್ಮನೇ ಉತ್ತರ ಕೊಟ್ಟರು: “ನೀನು ಹೋಳಿಗೆ ಉಂಡು ಬಂದಿ. ನಾವು ಹುಲ್ಲು ಆರಾಕಿದ್ವಿ. ಈಗ ಎತ್ತಿಡು ಬಾ.” ತಡಿ ಎಂದು ತಾವು ಮೊದಲೇ ಹೇಳಿದ್ದನ್ನು ಅವತ್ತೂ ಎತ್ತಲಿಲ್ಲ, ಆಮೇಲೆಯೂ…

ದೊಡ್ಡಮ್ಮ ಹೋಗಿ ಎರಡು ವರ್ಷವಾಯಿತು. ಸರಳನ್ನು ಅವರ ಸೊಸೆ ನನಗೇ ಕೊಟ್ಟಳು. ಸೋಮವಾರ ಅದನ್ನೇ ಈ ವರ್ಷದ ಸುರುಳಿಗೆ ಚುಚ್ಚಿ, ಅವರು ಕೂರುತ್ತಿದ್ದ ಮೆಟ್ಟಿಲ ಮೇಲೆ ಕೂತೆ. ನನಗೆ ಎಲೆಅಡಿಕೆ ಅಭ್ಯಾಸವಿಲ್ಲ, ಎಷ್ಟು ಹೊತ್ತು ಎಂಬುದೇ ತಿಳಿಯಲಿಲ್ಲ. ಕೊನೆಗೆ ಕಿತ್ತು ಮುಂಗೈಗೆ ಒತ್ತಿಕೊಂಡೆ.

“ತಣ್ಣಗೈತೆ ದೊಡ್ಡಮ್ಮ,” ಎಂದು ಬೇಲಿಯತ್ತ ಕೂಗಿಬಿಟ್ಟೆ.

ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಅವರ ಸೊಸೆ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.