ಓಟದ ನಡುವೆ ಒಂದು ಸನ್ಮಾನ

ಸನ್ಮಾನ ಅಂದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ ತಂದಿಟ್ಟುಕೊಂಡು ಯಾರಿಗಾದರೂ ಹೊದಿಸದಿದ್ದರೆ ನಮ್ಮ ಕಡೆಯವರಿಗೆ ಉಂಡ ಅನ್ನ ಅರಗುವುದಿಲ್ಲ. ಹೊದಿಸಲಿ, ಬೇಡ ಅಂದವರು ಯಾರು? ಆದರೆ ಓಡುತ್ತಿರುವವಳನ್ನು ಹಿಡಿದು ನಿಲ್ಲಿಸಿ ಹೊದಿಸುವುದೇ?

ನಾನು ಶಿವಮೊಗ್ಗದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಐವತ್ತು ದಾಟಿದೆ. ಇಲ್ಲಿನ ಓಟಗಾರರ ಗುಂಪೊಂದು ವರ್ಷಕ್ಕೊಮ್ಮೆ ಒಂದು ಓಟ ಇಡುತ್ತದೆ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿ ಬಂದು, ಮತ್ತೊಮ್ಮೆ ಹೋಗಿ ಬರಬೇಕು. ಎಪ್ಪತ್ತು ಕಿಲೋಮೀಟರಿಗೂ ಮೇಲೆ. ನಸುಕಿನಲ್ಲಿ ಹೊರಟು ಸಂಜೆ ಐದರೊಳಗೆ ಮುಟ್ಟಬೇಕು, ಐದು ದಾಟಿದರೆ ಓಡಿದ್ದು ಲೆಕ್ಕಕ್ಕಿಲ್ಲ. ಹೋದ ವರ್ಷ ನಾನು ಎರಡನೇ ಸಲ ಭದ್ರಾವತಿ ಮುಟ್ಟಿದಾಗ ನನ್ನ ಯಜಮಾನರು ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. "ಸಾಕು, ಹತ್ತು ಮಾರಾಯ್ತಿ. ಯಾರಿಗೆ ತೋರಿಸ್ಬೇಕಾಗಿದೆ?" ಅಂದರು. ಹತ್ತಿಬಿಟ್ಟೆ. ಮನೆ ಮುಟ್ಟುವವರೆಗೂ ಹಿಂದೆ ಕೂತು ಅತ್ತೆ. ಹೆಲ್ಮೆಟ್ ಹಾಕಿದ್ದರಿಂದ ಅವರಿಗೆ ಕೇಳಿಸಲಿಲ್ಲ.

ಈ ವರ್ಷ ನನ್ನ ಕಾಲ ಮೇಲೇ ಮುಗಿಸಬೇಕಿತ್ತು. ಭಾನುವಾರ ಬಂತೆಂದರೆ ಸಕ್ರೆಬೈಲಿನ ತನಕ ಓಡಿ ವಾಪಸ್ಸು ಬರುತ್ತಿದ್ದೆ. ದಾರಿಯಲ್ಲಿ ಯಾರಾದರೊಬ್ಬರು ಬೈಕ್ ನಿಧಾನ ಮಾಡಿ, "ಬಸ್ ತಪ್ಪೋಯ್ತಾ ಮೇಡಂ? ಬನ್ನಿ, ಬಿಡ್ತೀನಿ" ಅನ್ನುವರು. ನಾದಿನಿ ಫೋನ್ ಮಾಡಿ, "ಅತ್ತಿಗೆ, ಈ ವಯಸ್ಸಲ್ಲಿ ನಿಮಗಿದೇನು ಹುಚ್ಚು?" ಅನ್ನುವಳು. ಛಲ, ಮನೋಬಲ ಅಂತ ದೊಡ್ಡ ದೊಡ್ಡ ಮಾತಾಡುತ್ತಾರಲ್ಲ, ಅದೆಲ್ಲ ನನಗೆ ಗೊತ್ತಿಲ್ಲ. ನನ್ನನ್ನು ಓಡಿಸಿದ್ದು ಬರೀ ಸಿಟ್ಟು.

ಓಟದ ದಿನ ಎರಡನೇ ಸಲವೂ ಭದ್ರಾವತಿ ಮುಟ್ಟಿ ತಿರುಗಿದೆ. ಈ ಸಲವೂ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ ಯಜಮಾನರ ಕಡೆ ನೋಡಲೂ ಇಲ್ಲ. ಎಲ್ಲರಿಗಿಂತ ಹಿಂದೆ ಇದ್ದೆ ನಿಜ, ಆದರೆ ನಿಲ್ಲದೆ ಹೋದರೆ ಐದರೊಳಗೆ ಸೇರುವುದು ಖಂಡಿತ ಅನ್ನಿಸಿತ್ತು. ಮಾಚೇನಹಳ್ಳಿ ಹತ್ತಿರ ಬಂದಾಗ ರಸ್ತೆ ಬದಿಗೆ ಒಂದು ಶಾಮಿಯಾನ, ಮೈಕು, ಸಾಲಾಗಿ ಕುರ್ಚಿ. ಯಾವುದೋ ಹಿತೈಷಿಗಳ ಸಂಘದವರು ಓಟಗಾರರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಮುಖ್ಯ ಅತಿಥಿ ಬರುವುದು ತಡವಾಯಿತು. ಅವರು ಬರುವಷ್ಟರಲ್ಲಿ ಓಡುವವರೆಲ್ಲ ಓಡಿ ಹೋಗಿದ್ದರು. ಹೊದಿಸುವುದಕ್ಕೆ ಉಳಿದವಳು ನಾನೊಬ್ಬಳೇ!

"ಒಂದೇ ನಿಮಿಷ ಮೇಡಂ" ಎಂದು ಸಂಘದ ಅಧ್ಯಕ್ಷರು ಕೈಮುಗಿದು ಅಡ್ಡ ನಿಂತರು.

"ಐದರೊಳಗೆ ಮುಟ್ಬೇಕು ಸಾರ್, ದಮ್ಮಯ್ಯ ಬಿಡಿ."

"ಅಯ್ಯೋ, ಮುಟ್ತೀರ ಬಿಡಿ. ನೀವು ಗಟ್ಟಿಗಿತ್ತಿ!"

ಗಂಡಸರನ್ನು ತಳ್ಳಿಕೊಂಡಾದರೂ ಹೋಗುತ್ತಿದ್ದೆ. ಆದರೆ ಇಬ್ಬರು ಹೆಂಗಸರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಎದುರು ಬಂದರು. ಕುಂಕುಮ ಕೊಡಲು ಬಂದವರಿಗೆ ಬೆನ್ನು ತಿರುಗಿಸುವುದು ಹೇಗೆ? ಹಣೆಗೆ ಇಡಿಸಿಕೊಳ್ಳುವಷ್ಟರಲ್ಲಿ ನನ್ನ ತೋಳು ಹಿಡಿದು ವೇದಿಕೆಯ ಕುರ್ಚಿಯಲ್ಲಿ ಕೂರಿಸಿಯೇಬಿಟ್ಟರು. ಅಷ್ಟು ದೂರ ಓಡಿ ಬಂದ ಕಾಲನ್ನು ಕುರ್ಚಿಯಲ್ಲಿ ಕೂರಿಸಿದರೆ ಅದು ಮತ್ತೆ ಏಳುವುದಿಲ್ಲ ಅನ್ನುವುದು ಇವರಿಗೆ ಯಾರು ಹೇಳಬೇಕು? ಪೇಟ ಬೆವರಿನ ತಲೆಯ ಮೇಲೆ ನಿಲ್ಲದೆ ಕಣ್ಣಿನ ಮೇಲೆ ಜಾರುತ್ತಿತ್ತು. ಸ್ಕೂಟರಿನಲ್ಲಿ ಹಿಂದೆಯೇ ಬಂದ ಯಜಮಾನರು ಆಗಲೇ ಮುಂದಿನ ಸಾಲಿನಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದರು.

ಮುಖ್ಯ ಅತಿಥಿಗಳ ಭಾಷಣ ಶುರುವಾಯಿತು. ವಿಷಯ ಮನೋಬಲ! "ಮನಸ್ಸು ಗಟ್ಟಿ ಇದ್ದರೆ ಕಾಲು ತಾನಾಗಿಯೇ ಓಡುತ್ತದೆ" ಎಂದು ನನ್ನ ಕಡೆ ಕೈ ಮಾಡಿ ತೋರಿಸಿದರು. ಚಪ್ಪಾಳೆ ಬಿತ್ತು. ಆಗ ನನ್ನ ಮೀನಖಂಡ ಹಿಡಿದುಕೊಂಡು ಕಲ್ಲಿನಂತಾಗಿತ್ತು. ಯಜಮಾನರಿಗೆ ಸನ್ನೆ ಮಾಡಿದೆ. ಅವರು, ಸುಮ್ಮನೆ ಕೂತಿರು ಎಂದು ಕೈಯಾಡಿಸಿದರು. ಭಾಷಣ ಮುಗಿಯುವ ಹಾಗೆ ಕಾಣಲಿಲ್ಲ.

ಕುರ್ಚಿಯ ಕೈ ಹಿಡಿದು ಎದ್ದೆ. "ಸಾರ್, ಮನಸ್ಸು ಗಟ್ಟಿಯಾಗೇ ಇದೆ, ಕಾಲು ಹೋಗ್ತಾ ಇದೆ. ನಾನು ಬರ್ತೀನಿ" ಅಂದೆ. ಪೇಟ ತೆಗೆದು ಕುರ್ಚಿಯ ಮೇಲಿಟ್ಟು, ವೇದಿಕೆ ಇಳಿದು ರಸ್ತೆ ಕಡೆ ಹೊರಟೆ. ಸಭೆಯಲ್ಲಿ ಗುಸುಗುಸು ಎದ್ದಿತು.

"ಏಯ್, ಕೂತ್ಕೊಳೇ! ಮಧ್ಯ ಎದ್ದು ಹೋದ್ರೆ ಚೆನ್ನಾಗಿರಲ್ಲ!" ಯಜಮಾನರ ದನಿ ಹಿಂದಿನಿಂದ ಬಂತು.

ಚೆನ್ನಾಗಿರಲ್ಲವಂತೆ! ಯಾರಿಗೆ? ಮೊದಲು ಕುಂಟಿದೆ, ಆಮೇಲೆ ನಡೆದೆ, ಕೊನೆಗೆ ಹೇಗೋ ಓಡಿದೆ. ದಾರಿಯುದ್ದಕ್ಕೂ ಅಧ್ಯಕ್ಷರನ್ನು, ಅತಿಥಿಯನ್ನು, ಆ ಮೈಕನ್ನು ಬಾಯಿಗೆ ಬಂದಂತೆ ಬೈದೆ. ಗಂಡನನ್ನು ಬೈಯುವ ಸರದಿ ಬಂದಾಗ ಮಾತ್ರ ಮತ್ತೆ ಅಧ್ಯಕ್ಷರಿಂದಲೇ ಶುರುಮಾಡಿದೆ. ಲಾರಿಯವರು ಹಾರ್ನ್ ಹೊಡೆದರು, ಹೊಡೆಯಲಿ ಎಂದು ಅಂಚಿನಲ್ಲೇ ಹೋದೆ.

ಗೆರೆ ದಾಟಿದಾಗ ಐದಕ್ಕೆ ಸ್ವಲ್ಪವೇ ಬಾಕಿಯಿತ್ತು. ಪದಕ ಕೊಡುವವರೊಬ್ಬರು ಬಿಟ್ಟರೆ ಅಲ್ಲಿ ಯಾರೂ ಉಳಿದಿರಲಿಲ್ಲ. ಅವರೇ ಕೊರಳಿಗೆ ಹಾಕಿ, "ಮುಗಿಸಿದ್ರಿ ಮೇಡಂ" ಅಂದರು. ನಾನು ಸುತ್ತ ನೋಡಿದೆ. ನೋಡಬೇಕಾದವರು ಬಂದಿರಲಿಲ್ಲ. ಸಂತೋಷಕ್ಕೋ ಸಂಕಟಕ್ಕೋ, ಫುಟ್‌ಪಾತಿನ ಮೇಲೆ ಕೂತು ಜೋರಾಗಿಯೇ ಅತ್ತೆ.

ಬಹಳ ಹೊತ್ತಾದ ಮೇಲೆ ಯಜಮಾನರು ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಂದರು. ಮುಖದಲ್ಲಿ ಕಳೆಯೋ ಕಳೆ.

"ವಂದನಾರ್ಪಣೆ ಮುಗಿಸ್ಕೊಂಡೇ ಬಂದೆ. ನಿನ್ನ ಪರವಾಗಿ ನಾನೇ ಕ್ಷಮೆ ಕೇಳ್ದೆ, ಅವರೇನೂ ಬೇಜಾರು ಮಾಡ್ಕೊಳ್ಲಿಲ್ಲ. ನಿನ್ನ ಎಷ್ಟು ಹೊಗಳಿದ್ರು ಗೊತ್ತಾ! ನೀನಿರ್ಬೇಕಿತ್ತು ಅಲ್ಲಿ."

"ನೀವಿರ್ಬೇಕಿತ್ತು ಕಣ್ರೀ" ಅಂದೆ, "ಇಲ್ಲಿ."